ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿ: ಅಮೆರಿಕದಲ್ಲಿ ಸರಿಯಾದ ಜಾಗ ಹುಡುಕುವುದು, ಸೇರುವುದು ಹೇಗೆ?

ಮಂಗಳೂರು, ಉಡುಪಿ, ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಅಮೆರಿಕಕ್ಕೆ ಹೋದವರಲ್ಲಿ ಕೆಲವರು ಅಲ್ಲಿ ದುಡಿಯುತ್ತಲೇ ಮತ್ತೆ ಓದುತ್ತಾರೆ, ನರ್ಸ್ ಪ್ರಾಕ್ಟೀಷನರ್ ಆಗುತ್ತಾರೆ. ಆಗ ಕೆಲಸವೇ ಬದಲಾಗಿಬಿಡುತ್ತದೆ. ನಿನ್ನೆಯವರೆಗೆ ಡಾಕ್ಟರ್ ಬರೆದ ಔಷಧಿ ಕೊಡುತ್ತಿದ್ದವರು ಇವತ್ತು ತಾವೇ ಪರೀಕ್ಷೆ ಮಾಡಬೇಕು, ಕಾಯಿಲೆ ಯಾವುದೆಂದು ಹೇಳಬೇಕು, ಔಷಧಿ ಬರೆಯಬೇಕು. ಎದೆನೋವು ಎಂದು ಬಂದವರನ್ನು ಮನೆಗೆ ಕಳಿಸಬೇಕೋ, ಆಂಬುಲೆನ್ಸ್ ಕರೆಸಬೇಕೋ ಅನ್ನುವುದೂ ಅವರದೇ ತೀರ್ಮಾನ.

ಇಷ್ಟು ದೊಡ್ಡ ಜವಾಬ್ದಾರಿಗೆ ಕಾಲೇಜಿನಲ್ಲಿ ಸಿಗುವ ತಯಾರಿ ಕಡಿಮೆ. ಪೇಷಂಟ್‌ಗಳ ಜೊತೆ ಕನಿಷ್ಠ 500 ಗಂಟೆ ತರಬೇತಿ ಆಗಿರಬೇಕು ಎಂಬುದು ಬಹಳ ವರ್ಷ ಇದ್ದ ನಿಯಮ. 2022ರ ಹೊಸ ಮಾನದಂಡದಲ್ಲಿ ಅದು 750 ಗಂಟೆ ಆಯಿತು. ಅದೇ ದೇಶದಲ್ಲಿ ಫ್ಯಾಮಿಲಿ ಡಾಕ್ಟರ್ ಆಗುವವರು ಮೆಡಿಕಲ್ ಓದು ಮುಗಿದ ಮೇಲೂ 3 ವರ್ಷ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ, ಮಾಡುತ್ತಾರೆ. ಹೀಗಿರುವಾಗ ಹೊಸ ನರ್ಸ್ ಪ್ರಾಕ್ಟೀಷನರ್‌ಗೆ ಮೊದಲ ಕೆಲಸದಲ್ಲಿ ಕೈಕಾಲು ನಡುಗಿದರೆ ಅದರಲ್ಲಿ ಆಶ್ಚರ್ಯವೇನಿದೆ? ಈ ಅಂತರ ತುಂಬಲೆಂದೇ 1 ವರ್ಷದ, ಸಂಬಳವಿರುವ ರೆಸಿಡೆನ್ಸಿ ಶುರುವಾಯಿತು.

ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಸೇರಿ ಅದನ್ನು ಕಟ್ಟಿದರು. ಅದೇ ವರ್ಷ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ ಬಡವರಿಗಾಗಿ ಸಮುದಾಯ ಆರೋಗ್ಯ ಕೇಂದ್ರವೂ ತೆರೆಯಿತು. ಇವೆರಡೂ ರೆಸಿಡೆನ್ಸಿಯ ರೂಪದಲ್ಲಿ ಒಂದಾಗಲು 2007ರವರೆಗೆ ಕಾಯಬೇಕಾಯಿತು. ಕನೆಕ್ಟಿಕಟ್‌ನ ಮಿಡ್ಲ್‌ಟೌನ್‌ನಲ್ಲಿರುವ ಕಮ್ಯುನಿಟಿ ಹೆಲ್ತ್ ಸೆಂಟರ್ ಎಂಬ ಸಂಸ್ಥೆಯಲ್ಲಿ ಮಾರ್ಗರೆಟ್ ಫ್ಲಿಂಟರ್ ಮೊದಲ ಕಾರ್ಯಕ್ರಮ ಆರಂಭಿಸಿದರು. ಅವರೂ ನರ್ಸ್ ಪ್ರಾಕ್ಟೀಷನರ್ ಆಗಿದ್ದವರೇ. ಈಗ ಇಂಥವು ದೇಶದ ತುಂಬ ಇವೆ.

ಈ ಆರೋಗ್ಯ ಕೇಂದ್ರಗಳಿಗೆ ಬರುವವರು ಯಾರು?

ಅರ್ಜಿ ಹಾಕುವ ಮೊದಲು ಇದನ್ನು ತಿಳಿದುಕೊಳ್ಳಿ. ನಮ್ಮ ತಾಲ್ಲೂಕುಗಳ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅಮೆರಿಕದ ಕೇಂದ್ರಗಳಲ್ಲಿ ಹೊರರೋಗಿಗಳನ್ನು ಮಾತ್ರ ನೋಡುತ್ತಾರೆ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಇವುಗಳನ್ನು ನಂಬಿಕೊಂಡಿದ್ದಾರೆ. ಹಣವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಬಡವರಿಗೆ ಆದಾಯ ನೋಡಿ ಫೀಸು ಇಳಿಸುತ್ತಾರೆ. ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರು ಅಲ್ಲಿನ ಪೇಷಂಟ್‌ಗಳೇ ಆಗಿರಬೇಕು. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ.

ಹೀಗಾಗಿ ಅಲ್ಲಿ ಸುಲಭದ ಕೇಸು ಕಡಿಮೆ. ಒಬ್ಬರಲ್ಲೇ ಶುಗರ್, ಬಿಪಿ, ಖಿನ್ನತೆ, ಹಲ್ಲುನೋವು ಎಲ್ಲ ಇರುತ್ತದೆ. ಜೊತೆಗೆ ಬಾಡಿಗೆ ಕಟ್ಟಲಾಗದ ಚಿಂತೆ. ದುಭಾಷಿಯನ್ನು ಫೋನಿನಲ್ಲಿ ಹಿಡಿದುಕೊಂಡೇ ಮಾತಾಡಬೇಕಾಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹಿಂದೆ ಯಾರೂ ನಿಲ್ಲದಿದ್ದರೆ ಹೊಸಬರು ಕೆಲವೇ ತಿಂಗಳಲ್ಲಿ ಸುಸ್ತಾಗಿ ಕೆಲಸ ಬಿಡುವುದೂ ಇಂಥ ಕಡೆಯೇ.

ಜಾಗ ಹುಡುಕುವಾಗ ಏನು ಕೇಳಬೇಕು?

ರೆಸಿಡೆನ್ಸಿ ಕಡ್ಡಾಯವಲ್ಲ. ಅದಿಲ್ಲದೆಯೂ ಲೈಸೆನ್ಸ್ ಸಿಗುತ್ತದೆ, ಕೆಲಸವೂ ಸಿಗುತ್ತದೆ. ರೆಸಿಡೆನ್ಸಿಯಲ್ಲಿ ಕೊಡುವ ಸಂಬಳ ಮಾಮೂಲಿ ಕೆಲಸಕ್ಕಿಂತ ಕಡಿಮೆ. ಹಾಗಿದ್ದ ಮೇಲೆ ಆ ಹಣ ಬಿಟ್ಟು ಏನನ್ನು ಪಡೆಯುತ್ತೀರಿ ಎಂದು ಗಟ್ಟಿಯಾಗಿ ಕೇಳುವ ಹಕ್ಕು ನಿಮಗಿದೆ, ಅಲ್ವಾ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ‘ನಾನು ಪೇಷಂಟ್ ನೋಡುವ ಹೊತ್ತಿನಲ್ಲಿ ನನ್ನ ಪ್ರಿಸೆಪ್ಟರ್ ತಮ್ಮ ಪೇಷಂಟ್‌ಗಳನ್ನೂ ನೋಡುತ್ತಿರುತ್ತಾರಾ?’ ಪ್ರಿಸೆಪ್ಟರ್ ಅಂದರೆ ನಿಮಗೆ ಕಲಿಸುವ ಹಿರಿಯರು. ಅವರು ಡಾಕ್ಟರ್ ಆಗಿರಬಹುದು, ಅನುಭವಿ ನರ್ಸ್ ಪ್ರಾಕ್ಟೀಷನರ್ ಆಗಿರಬಹುದು. ಮಿಡ್ಲ್‌ಟೌನ್ ಮಾದರಿಯಲ್ಲಿ ಆ ಹೊತ್ತಿಗೆ ಪ್ರಿಸೆಪ್ಟರ್‌ಗೆ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಅವರು ಕೂತಿರುವುದೇ ನಿಮಗಾಗಿ. ಇದಕ್ಕೆ ಸಂಸ್ಥೆಗೆ ಖರ್ಚು ಜಾಸ್ತಿ. ಹಾಗಾಗಿ ಕೆಲವು ಕಡೆ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

‘ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ, ಬೇಕಾದಾಗ ಬಂದು ಕೇಳಿ’ ಎಂಬ ಉತ್ತರ ಬಂದರೆ ಎಚ್ಚರವಾಗಿರಿ. ಅವರ ಮಾತಿನಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಪಕ್ಕದ ಕೋಣೆಯಲ್ಲಿ ಅವರು ಬಿಡುವಿಲ್ಲದೆ ಪೇಷಂಟ್ ನೋಡುತ್ತಿರುವಾಗ ನೀವು ಬಾಗಿಲು ತಟ್ಟುತ್ತೀರಾ? ದೊಡ್ಡವರಿಗೆ ತೊಂದರೆ ಕೊಡಬಾರದು ಎಂದು ಕೇಳಿಕೊಂಡೇ ಬೆಳೆದ ನಮ್ಮಂಥವರು ಖಂಡಿತ ಹಿಂಜರಿಯುತ್ತೇವೆ. ಆ ಹಿಂಜರಿಕೆಯಲ್ಲಿ ಪೇಷಂಟ್ ಮನೆಗೆ ಹೋಗಿಬಿಟ್ಟಿರುತ್ತಾರೆ. ಕೇಳುವುದೇ ದಿನಚರಿಯಾಗಿರುವ ಕಡೆ ಮಾತ್ರ ಈ ಸಂಕೋಚ ಕರಗುತ್ತದೆ.

ಇನ್ನೂ ಒಂದಿಷ್ಟು ಕೇಳಿ. ಒಬ್ಬ ಪ್ರಿಸೆಪ್ಟರ್‌ಗೆ ಎಷ್ಟು ರೆಸಿಡೆಂಟ್‌ಗಳು? ಮೊದಲ ತಿಂಗಳು ದಿನಕ್ಕೆ ಎಷ್ಟು ಪೇಷಂಟ್, ಕೊನೆಯ ತಿಂಗಳು ಎಷ್ಟು? ಹೋದ ವರ್ಷದವರಲ್ಲಿ ಎಷ್ಟು ಜನ ಪೂರ್ತಿ ಮಾಡಿದರು? ಅವರ ಜೊತೆ ಫೋನಿನಲ್ಲಿ ಮಾತಾಡಬಹುದಾ? ಒಪ್ಪದಿದ್ದರೆ ಅದೇ ಉತ್ತರ ಅಂದುಕೊಳ್ಳಿ. ಕಾರ್ಯಕ್ರಮಕ್ಕೆ ಮಾನ್ಯತೆ ಇದೆಯೇ ಎಂದೂ ನೋಡಿ. ಇದ್ದರೆ ಒಳ್ಳೆಯದು. ಆದರೆ ಪ್ರಿಸೆಪ್ಟರ್ ಬಗೆಗಿನ ಆ ಮೊದಲ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದೆ ಬರೀ ಮಾನ್ಯತೆ ನೋಡಿ ಸೇರುವುದು ಬೇಡ.

ಕಾಗದಪತ್ರ, ವೀಸಾ, ಸಾಲ

ಹೆಚ್ಚಿನ ಕಡೆ ತರಬೇತಿ ಅಲ್ಲಿನ ಬೇಸಿಗೆ ಕೊನೆಗೆ ಅಥವಾ ಸೆಪ್ಟೆಂಬರ್ ಸುಮಾರಿಗೆ ಶುರುವಾಗುತ್ತದೆ. ಅರ್ಜಿ ತಿಂಗಳುಗಳ ಮೊದಲೇ ಕರೆಯುತ್ತಾರೆ. ಹಾಗಾಗಿ ಪದವಿಯ ಕೊನೆಯ ವರ್ಷದಲ್ಲೇ ಹುಡುಕಾಟ ಆರಂಭಿಸಿ.

ಪದವಿ ಮುಗಿದ ಕೂಡಲೇ ರಾಷ್ಟ್ರಮಟ್ಟದ ಸರ್ಟಿಫಿಕೇಷನ್ ಪರೀಕ್ಷೆ ಬರೆಯಿರಿ, ಮುಂದೂಡಬೇಡಿ. ಅದು ಪಾಸಾದ ಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸ್. ಆಮೇಲೆ ಚಟ ಹಿಡಿಸಬಹುದಾದ ನಿಯಂತ್ರಿತ ಔಷಧಿಗಳನ್ನು ಬರೆಯಲು ಡಿಇಎ (ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ. ವ್ಯಸನದ ಚಿಕಿತ್ಸೆ ಬಗ್ಗೆ 8 ಗಂಟೆಯ ತರಬೇತಿ ಈ ನೋಂದಣಿಗೆ 2023ರಿಂದ ಬೇಕೇಬೇಕು. ಕೊನೆಗೆ ವಿಮೆ ಕಂಪನಿಗಳ ಪಟ್ಟಿಗೆ ನಿಮ್ಮ ಹೆಸರು ಸೇರಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಕೆಲಸ ಸಂಸ್ಥೆಯದ್ದೇ ಆದರೂ ಅವರು ಕೇಳಿದ ಕಾಗದವನ್ನು ಅದೇ ದಿನ ಕಳಿಸಿ.

ರಾಜ್ಯದ ಕಾನೂನನ್ನೂ ಓದಿ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವತಂತ್ರವಾಗಿ ಕೆಲಸ ಮಾಡಬಹುದು. ಟೆಕ್ಸಾಸ್‌ನಂಥ ಕಡೆ ಡಾಕ್ಟರ್ ಜೊತೆ ಒಪ್ಪಂದ ಇರಲೇಬೇಕು. ಕನೆಕ್ಟಿಕಟ್‌ನಲ್ಲಿ ಮೊದಲ 3 ವರ್ಷ ಡಾಕ್ಟರ್ ಜೊತೆಗೂಡಿ ಕೆಲಸ ಮಾಡಿ, ಆಮೇಲೆ ಸ್ವತಂತ್ರರಾಗಬಹುದು.

ನಮ್ಮವರು ಎಡವುವುದು ವೀಸಾ ವಿಷಯದಲ್ಲಿ. ಫೆಡರಲ್ ಸರ್ಕಾರದ ಅನುದಾನದಲ್ಲಿ ನಡೆಯುವ ತರಬೇತಿಯ ಸೀಟಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಕೇಳಬಹುದು. ಓದಿನ ಸಾಲ ತೀರಿಸಲು ನೆರವಾಗುವ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಯೋಜನೆಗಂತೂ ಪೌರತ್ವವೇ ಬೇಕು, ಗ್ರೀನ್ ಕಾರ್ಡ್ ಸಾಲದು. ಸಂದರ್ಶನ ಮುಗಿದ ಮೇಲೆ ಇದನ್ನು ಕೇಳಿ ಕೊರಗುವುದಕ್ಕಿಂತ ಮೊದಲ ಇಮೇಲ್‌ನಲ್ಲೇ ಕೇಳಿ.

ವಾರ ಹೇಗಿರುತ್ತದೆ, ಅದನ್ನು ಬಳಸುವುದು ಹೇಗೆ?

ಮಿಡ್ಲ್‌ಟೌನ್ ಮಾದರಿಯಲ್ಲಿ ವಾರದಲ್ಲಿ ಹೆಚ್ಚುಕಡಿಮೆ 2 ದಿನ ಪ್ರಿಸೆಪ್ಟರ್ ಜೊತೆ ನಿಮ್ಮದೇ ಪೇಷಂಟ್‌ಗಳನ್ನು ನೋಡುತ್ತೀರಿ. ವರ್ಷವಿಡೀ ಅದೇ ಜನ ನಿಮ್ಮಲ್ಲಿಗೇ ಬರುತ್ತಾರೆ. ಒಂದು ದಿನ ಮೂಳೆ, ಚರ್ಮ, ಎಚ್‌ಐವಿ, ಹೆರಿಗೆ-ಸ್ತ್ರೀರೋಗದಂಥ ವಿಭಾಗಗಳಲ್ಲಿ. ಇನ್ನೊಂದು ದಿನ ಕೇಂದ್ರದ ಬೇರೆ ತಂಡಗಳ ಜೊತೆ. ಉಳಿದ ಸಮಯ ಪಾಠ, ಚಿಕಿತ್ಸೆಯ ಗುಣಮಟ್ಟ ಸುಧಾರಿಸುವ ಕೆಲಸ.

ಪ್ರಿಸೆಪ್ಟರ್ ಬಳಿ ಹೋಗುವಾಗ ‘ಏನು ಮಾಡಲಿ?’ ಎಂದು ಕೇಳಬೇಡಿ. ‘ಇವರಿಗೆ 54 ವರ್ಷ, 3 ವಾರದಿಂದ ಕೆಮ್ಮು, ತೂಕ ಇಳಿದಿದೆ. ನನಗೆ ಟಿಬಿ ಅನುಮಾನ. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಮಾಡಿಸಬೇಕು ಅಂದುಕೊಂಡಿದ್ದೇನೆ’ ಎಂದು ನಿಮ್ಮ ತೀರ್ಮಾನವನ್ನೇ ಮೊದಲು ಹೇಳಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ತೀರ್ಮಾನ ಹೇಳದೆ ಬರೀ ಕೇಳುತ್ತಾ ಹೋದರೆ ವರ್ಷದ ಕೊನೆಗೂ ನೀವು ಇನ್ನೊಬ್ಬರ ಆದೇಶ ಪಾಲಿಸುವವರಾಗಿಯೇ ಉಳಿಯುತ್ತೀರಿ. ವರ್ಷಗಟ್ಟಲೆ ನರ್ಸ್ ಆಗಿ ದುಡಿದವರು ಬಿಡಲು ಕಷ್ಟಪಡುವ ಅಭ್ಯಾಸ ಇದು.

ಯಾವ ಯಾವ ಕಾಯಿಲೆ ನೋಡಿದಿರಿ ಎಂದು ಪೇಷಂಟ್ ಹೆಸರಿಲ್ಲದೆ ಪಟ್ಟಿ ಬರೆದಿಡಿ. ಅರ್ಧ ವರ್ಷ ಕಳೆದಾಗ ಅದನ್ನು ತೆಗೆದು ನೋಡಿ. ಮಕ್ಕಳೇ ಬಂದಿಲ್ಲವಾ? ಮಂಡಿಗೆ ಇಂಜೆಕ್ಷನ್ ಕೊಟ್ಟಿಲ್ಲವಾ? ಹೋಗಿ ಕೇಳಿ. ಕೇಳದಿದ್ದರೆ ಯಾರೂ ಗಮನಿಸುವುದಿಲ್ಲ.

ಗುಣಮಟ್ಟದ ಕೆಲಸವನ್ನು ಬೇಸರದ ಹೋಂವರ್ಕ್ ಎಂದುಕೊಳ್ಳಬೇಡಿ. 3 ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಶೇ 9ಕ್ಕಿಂತ ಮೇಲಿರುವವರ ಲೆಕ್ಕವನ್ನು ಈ ಕೇಂದ್ರಗಳು ಪ್ರತಿವರ್ಷ ಸರ್ಕಾರಕ್ಕೆ ಕೊಡಬೇಕು. ನಿಮ್ಮದೇ ಪೇಷಂಟ್‌ಗಳಲ್ಲಿ ಅಂಥವರನ್ನು ಹುಡುಕಿ, ಫೋನ್ ಮಾಡಿ. ಇನ್ಸುಲಿನ್ ಇಡಲು ಮನೆಯಲ್ಲಿ ಫ್ರಿಡ್ಜ್ ಇದೆಯೇ, ಔಷಧಿಗೆ ದುಡ್ಡಿದೆಯೇ ಎಂದು ವಿಚಾರಿಸಿ. ಔಷಧಿ ಬದಲಿಸುವ ಮುನ್ನ ತಿಳಿಯಬೇಕಾದದ್ದು ಎಷ್ಟೋ ಸಲ ಇಲ್ಲೇ ಸಿಗುತ್ತದೆ.

ಇನ್ನು ಕರಾರು. ತರಬೇತಿ ಮುಗಿದ ಮೇಲೆ ಅಲ್ಲೇ ಇಂತಿಷ್ಟು ಕಾಲ ದುಡಿಯಬೇಕು ಎಂಬ ಷರತ್ತು ಕೆಲವು ಕಡೆ ಇರುತ್ತದೆ. ಮಧ್ಯದಲ್ಲಿ ಬಿಟ್ಟರೆ ಹಣ ಕಟ್ಟಬೇಕೇ, ಯಾವ ಊರಿನ ಶಾಖೆಗೆ ಹಾಕುತ್ತಾರೆ ಎಂಬುದು ಬರಹದಲ್ಲಿರಲಿ. ರೆಸಿಡೆನ್ಸಿ ಮುಗಿದು ಕೆಲಸದ ಮಾತುಕತೆಗೆ ಕೂತಾಗ ಸಂಬಳದ ಜೊತೆಗೆ ಇನ್ನೊಂದನ್ನು ಕೇಳಿ: ಮೊದಲ ಕೆಲವು ತಿಂಗಳು ಪ್ರತಿ ಪೇಷಂಟ್‌ಗೆ 30 ನಿಮಿಷ. ಕೊಡುತ್ತೇವೆ ಎಂದರೆ ಅದನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.