ತಾಂಬೂಲದ ಲಾಡು ಒಡೆಯಬಾರದು

ತಾಂಬೂಲದ ಚೀಲದಲ್ಲಿ ಮುಕ್ಕಾದದ್ದು ಏನೂ ಇರಬಾರದು ಅನ್ನುವುದು ನಮ್ಮ ಮಂಡ್ಯ ಕಡೆಯ ಹಿರಿಯರ ಲೆಕ್ಕ. ತೆಂಗಿನಕಾಯಿಗೆ ಜುಟ್ಟು ಇರಬೇಕು, ವೀಳ್ಯದೆಲೆಯ ತುದಿ ಹರಿದಿರಬಾರದು, ಲಾಡು ಉಂಡೆಯಾಗಿಯೇ ನೆಂಟರ ಮನೆ ಮುಟ್ಟಬೇಕು. ಪೂರ್ಣಫಲ ಅನ್ನುವ ಮಾತಿನ ಅರ್ಥವೇ ಅದು. ಆದ್ದರಿಂದ ಎಲೆಗೆ ಬಡಿಸುವ ಲಾಡಿನ ಹದ ಬೇರೆ, ಚೀಲಕ್ಕೆ ಹಾಕುವ ಲಾಡಿನ ಹದ ಬೇರೆ.

50 ಗ್ರಾಂ ತೂಕದ 100 ಲಾಡಿಗೆ ನಾನು ಹಿಡಿಯುವುದು 2 ಕೆಜಿ ನುಣ್ಣನೆ ಕಡ್ಲೆಹಿಟ್ಟು, 3 ಕೆಜಿ ಸಕ್ಕರೆ. ಹತ್ತು ಹದಿನೈದು ಹೆಚ್ಚಿಗೆ ಬರುತ್ತದೆ, ಬರಲಿ. ಎಣಿಸಿ ಮಾಡಿದ ಲಾಡು ಯಾವ ಮದುವೆಗೂ ಸಾಲುವುದಿಲ್ಲ. ಗೋಡಂಬಿ 150 ಗ್ರಾಂ, ದ್ರಾಕ್ಷಿ 100 ಗ್ರಾಂ, ಏಲಕ್ಕಿ 15 ಗ್ರಾಂ, ಒಂದಿಷ್ಟು ಲವಂಗ. ಪಚ್ಚಕರ್ಪೂರ ಸಾಸಿವೆ ಗಾತ್ರದ್ದು ಎರಡು ಚೂರು ಸಾಕು, ಮೀರಿದರೆ ಔಷಧಿ ವಾಸನೆ.

ಹಿಟ್ಟಿಗೆ ಸುಮಾರು ಎರಡೂವರೆ ಲೀಟರ್ ನೀರು ಬೇಕಾಗುತ್ತದೆ, ಒಂದೇ ಸಲ ಸುರಿಯಬೇಡಿ. ಎಣ್ಣೆಗೆ ಒಂದು ಹನಿ ಬಿಟ್ಟು ನೋಡಿ. ಬಾಲ ಬಂದರೆ ಹಿಟ್ಟು ಗಟ್ಟಿ, ಚಪ್ಪಟೆಯಾದರೆ ನೀರು. ಸೋಡಾ ಬೇಡವೇ ಬೇಡ, ಬೂಂದಿ ಕಾಳು ಟೊಳ್ಳಾಗಿ ಎಣ್ಣೆ ಕುಡಿಯುತ್ತದೆ. ಪ್ರತಿ ಸರದಿಗೂ ಬೂಂದಿ ಜಾಲರಿಯ ತಳ ಒರೆಸಬೇಕು. ಎಣ್ಣೆಯ ಸದ್ದು ಇಳಿಯುತ್ತಿದ್ದಂತೆ ಕಾಳು ತೆಗೆಯಿರಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಸಿಗಬೇಕು. ಗರಿಗರಿಯಾದ ಕಾಳು ಪಾಕ ಕುಡಿಯುವುದಿಲ್ಲ, ಉಂಡೆಯೂ ನಿಲ್ಲುವುದಿಲ್ಲ.

ಲಾಡು ಕೆಡುವುದು ಹೆಚ್ಚಾಗಿ ಪಾಕದಲ್ಲಿ. 3 ಕೆಜಿ ಸಕ್ಕರೆಗೆ ಒಂದೂಕಾಲು ಲೀಟರ್ ನೀರು, ಅರ್ಧ ನಿಂಬೆಹಣ್ಣಿನ ರಸ. ಎರಡು ಬೆರಳ ನಡುವೆ ಎಳೆದರೆ ಒಂದೆಳೆ ಹರಿಯದೆ ನಿಂತ ಕೂಡಲೇ ಇಳಿಸಿ. ಎಲೆಗೆ ಬಡಿಸುವುದಾದರೆ ಎಳೆ ಬರುತ್ತಿದ್ದಂತೆಯೇ ಇಳಿಸಬಹುದು. ಎರಡೆಳೆಗೆ ಹೋಯಿತೋ, ಮಾರನೇ ದಿನ ಸಕ್ಕರೆ ಬೆಳ್ಳಗೆ ಕಟ್ಟಿ ಲಾಡು ಪುಡಿಯಾಗುತ್ತದೆ. ಬಿಸಿ ಪಾಕಕ್ಕೆ ಕಾಳು ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡಿ, ಆಮೇಲೆ ಕಾಲು ಭಾಗವನ್ನು ಸೌಟಿನ ಬೆನ್ನಲ್ಲಿ ನುರಿದು ಬೆರೆಸಿ. ಉಳಿದ ಕಾಳನ್ನು ಹಿಡಿದಿಡುವುದು ಈ ನುರಿದದ್ದೇ. ಕೈ ತಡೆಯುವಷ್ಟು ಬಿಸಿಯಲ್ಲೇ ಕಟ್ಟಿಬಿಡಿ. ಆರಿಹೋಗಿದ್ದರೆ ಒಂದು ಹಿಡಿ ಬಿಸಿನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಕೆದಕಿ.

ತಮಾಷೆ ಏನೆಂದರೆ, ನೆಂಟರಿಗೆ ಒಡೆಯದ ಉಂಡೆ ಕೊಡುವ ಮನೆಯಲ್ಲೇ ಗಂಡು ಹೆಣ್ಣು ಮುಹೂರ್ತದಲ್ಲಿ ಒಬ್ಬರ ತಲೆಗೊಬ್ಬರು ಇಡುವ ಜೀರಿಗೆ ಬೆಲ್ಲವನ್ನು ಕುಟ್ಟಿ ಒಂದು ಮಾಡಿರುತ್ತಾರೆ. ಬೆರೆತ ಮೇಲೆ ಬೇರ್ಪಡಿಸಲಾಗದು ಅಂತ. ಅದಕ್ಕೆ ನೀರು ಹಾಕಬೇಡಿ, ಹಣೆಗೆ ಇಳಿಯುತ್ತದೆ. ಕಪ್ಪು ಅಚ್ಚು ಬೆಲ್ಲದ ಅಂಟೇ ಸಾಕು.

ಈಗ ಮೈಸೂರಿನ ಛತ್ರಗಳಲ್ಲಿ ಮೈಸೂರ್ ಪಾಕಿನ ಡಬ್ಬಿಯನ್ನೂ ಕೊಡುತ್ತಾರೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಮೊದಲು ಮಾಡಿದ್ದು ಅನ್ನುವ ಸಿಹಿ, ಪರಊರಿನವರಿಗೆ ಕೊಡಲು ಚೆಂದ. ಆದರೂ ಅದು ಕತ್ತಿ ಹಾಕಿದ ತುಂಡು; ಜೊತೆಗೊಂದು ಲಾಡು ಇರಲಿ ಅನ್ನುವವನು ನಾನು.

ಕಟ್ಟಿದ ಲಾಡನ್ನು ತಟ್ಟೆಯಲ್ಲಿ ಐದಾರು ಗಂಟೆ ಆರಲು ಬಿಡಿ. ಬಿಸಿಯಲ್ಲೇ ಕವರಿಗೆ ಹಾಕಿದರೆ ಬೆವತು ಬೂಸಲು ಹಿಡಿಯುತ್ತದೆ. ವೀಳ್ಯದೆಲೆಯನ್ನು ತೊಳೆದು ಬಟ್ಟೆಯಲ್ಲಿ ಒರೆಸಿ. ಚೀಲದ ತಳಕ್ಕೆ ಕಾಯಿ, ಪಕ್ಕಕ್ಕೆ ಎಲೆ ಅಡಿಕೆ, ಲಾಡು ಕೊನೆಗೆ, ಎಲ್ಲದರ ಮೇಲೆ.