ಕೆರಿಬಿಯನ್ ದ್ವೀಪಗಳಲ್ಲಿ ಮೊಬೈಲ್: ಕೂತಲ್ಲೇ ದೇಶ ಬದಲಾದೀತು, ಜೋಕೆ

ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳ ಪೈಕಿ ಸೇಂಟ್ ಜಾನ್ ಪುಟ್ಟದು. ಅದರ ಉತ್ತರ ದಂಡೆಯ ಮರಳಿನಲ್ಲಿ ಕಾಲು ಚಾಚಿ ಕೂತವರ ಫೋನು ಆಗಾಗ ಸದ್ದಿಲ್ಲದೆ ದೇಶ ಬದಲಿಸುತ್ತದೆ. ಎದುರಿಗೆ ಕಾಣುವ ಟೋರ್ಟೋಲಾ ಬ್ರಿಟಿಷರ ಅಧೀನದ್ದು. ಅಲ್ಲಿನ ಟವರ್‌ನ ಸಿಗ್ನಲ್ ನಡುವಿನ ಕಿರುಗಡಲನ್ನು ದಾಟಿ ಬಂದು ಫೋನನ್ನು ಹಿಡಿದುಕೊಳ್ಳುತ್ತದೆ. ನೀವು ಕೂತಲ್ಲಿಂದ ಕದಲಿರುವುದಿಲ್ಲ, ಬಿಲ್ ಮಾತ್ರ ಗಡಿ ದಾಟಿರುತ್ತದೆ.

ಕೆರಿಬಿಯನ್‌ನಲ್ಲಿ ಮೊಬೈಲ್ ಬಳಸುವವರ ಎಲ್ಲ ತಾಪತ್ರಯಗಳ ಬೇರೂ ಇಲ್ಲಿದೆ. ಪ್ರವಾಸ ಏಜೆಂಟರಿಗೆ ಕೆರಿಬಿಯನ್ ಒಂದೇ ಜಾಗ. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ 13 ಸ್ವತಂತ್ರ ದ್ವೀಪರಾಷ್ಟ್ರಗಳು, ಅವುಗಳ ನಡುನಡುವೆ ಅಮೆರಿಕ, ಬ್ರಿಟನ್, ಫ್ರಾನ್ಸ್, ನೆದರ್ಲೆಂಡ್ಸ್‌ಗಳ ಅಧೀನದಲ್ಲಿರುವ ಹತ್ತಾರು ತುಣುಕುಗಳು. ವೆಸ್ಟ್ ಇಂಡೀಸ್ ಒಂದೇ ತಂಡವಾಗಿ ಕ್ರಿಕೆಟ್ ಆಡುತ್ತದೆ, ಹಾಗಾಗಿ ಒಂದೇ ಸಿಮ್ ಎಲ್ಲ ಕಡೆ ನಡೆದೀತು ಎಂದುಕೊಂಡು ಹೊರಟರೆ ಕೈ ಸುಡುವುದು ಖಚಿತ.

ಮೊದಲು ಹೆಸರುಗಳನ್ನು ಬರೆಯಿರಿ

ಪೆಟ್ಟಿಗೆ ಕಟ್ಟುವುದಕ್ಕಿಂತ ಮುಂಚೆ ಒಂದು ಹಾಳೆಯಲ್ಲಿ ಹೋಗುವ ದ್ವೀಪಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಅದು ಯಾವ ದೇಶದ್ದು ಎಂಬುದನ್ನೂ ಬರೆಯಿರಿ. ವಿಮಾನ ಬದಲಿಸುವ ಊರು, ಕ್ರೂಸ್ ಹಡಗು ಅರ್ಧ ದಿನ ನಿಲ್ಲುವ ಬಂದರು ಕೂಡ ಪಟ್ಟಿಯಲ್ಲಿರಲಿ. ಆಮೇಲೆ ನಿಮ್ಮ ಮೊಬೈಲ್ ಕಂಪನಿಗೆ ಕರೆ ಮಾಡಿ. ‘ಕೆರಿಬಿಯನ್‌ಗೆ ರೋಮಿಂಗ್ ಪ್ಯಾಕ್ ಇದೆಯೇ?’ ಎಂದು ಕೇಳಬೇಡಿ. ‘ಇದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಪಟ್ಟಿ ಹಿಡಿದು ಒಂದೊಂದೇ ಹೆಸರು ಓದಿ. ಪ್ಯಾಕಿನಲ್ಲಿ ಜಮೈಕಾ ಇದ್ದು ಪಕ್ಕದ ಕ್ಯೂಬಾ ಇಲ್ಲದಿರಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಫ್ಲಾರಿಡಾದಿಂದ ಕ್ರೂಸ್ ಹತ್ತುವುದು ಈಗ ಸಾಮಾನ್ಯ. ಅಂಥ ಮನೆಯಲ್ಲಿ ಮಗಳ ಫೋನಿಗೊಂದು ನಿಯಮ, ಅಪ್ಪನ ಫೋನಿಗೊಂದು ನಿಯಮ. ಅಮೆರಿಕದ ದೊಡ್ಡ ಕಂಪನಿಗಳ ಬಹುತೇಕ ಪ್ಲಾನ್‌ಗಳಲ್ಲಿ ಪೋರ್ಟೊ ರಿಕೊ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳು ಸ್ವದೇಶವೇ, ರೋಮಿಂಗ್ ಇಲ್ಲ. ಯುರೋಪಿಯನ್ ಒಕ್ಕೂಟದ ದೇಶವೊಂದರ ಸಿಮ್ ಇರುವವರಿಗೆ ಗ್ವಾಡಲೂಪ್, ಮಾರ್ಟಿನಿಕ್‌ಗಳು ಫ್ರಾನ್ಸ್‌ನ ಭಾಗವಾದ್ದರಿಂದ, 2017ರ ಜೂನ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಮನೆಯ ದರದಲ್ಲೇ ಮಾತು, ಡೇಟಾ. ಭಾರತದ ಸಿಮ್‌ಗೆ ಇವೆಲ್ಲವೂ ವಿದೇಶ.

ಸೇಂಟ್ ಮಾರ್ಟಿನ್ ಮಾತ್ರ ಯುರೋಪಿನಿಂದ ಬಂದವರನ್ನೂ ಬೇಸ್ತು ಬೀಳಿಸುತ್ತದೆ. ಸುಮಾರು 87 ಚದರ ಕಿಲೋಮೀಟರಿನ ಆ ದ್ವೀಪದ ಉತ್ತರ ಭಾಗ ಫ್ರೆಂಚರದು, ದಕ್ಷಿಣ ಡಚ್ಚರದು. ನಡುವೆ ಬೇಲಿಯಿಲ್ಲ, ತಪಾಸಣೆಯಿಲ್ಲ. ಫ್ರೆಂಚ್ ಭಾಗಕ್ಕೆ ಯುರೋಪಿನ ರೋಮಿಂಗ್ ನಿಯಮ ಅನ್ವಯಿಸುತ್ತದೆ, ಡಚ್ ಭಾಗಕ್ಕೆ ಇಲ್ಲ. ದೊಡ್ಡ ವಿಮಾನ ನಿಲ್ದಾಣವೂ ಕ್ರೂಸ್ ಬಂದರೂ ಇರುವುದು ಡಚ್ ಭಾಗದಲ್ಲಿ. ವಿಮಾನದಿಂದ ಇಳಿದ ಉತ್ಸಾಹದಲ್ಲಿ ಮನೆಗೆ ವಿಡಿಯೊ ಕರೆ ಮಾಡಿದರೆ ದುಬಾರಿ. ಅದೇ ಕರೆಯನ್ನು ಟ್ಯಾಕ್ಸಿಯಲ್ಲಿ ಕೂತು ಫ್ರೆಂಚ್ ಭಾಗ ಸೇರಿದ ಮೇಲೆ ಮಾಡಿದರೆ ಮನೆಯ ದರ.

ನಿಮ್ಮ ಫೋನು ಅಲ್ಲಿ ಮಾತಾಡೀತೇ?

ಫೋನು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಾರದು. ಭಾರತದಲ್ಲಿ ಕೊಂಡವುಗಳಲ್ಲಿ ಈ ಸಮಸ್ಯೆ ಕಡಿಮೆ. ಅಮೆರಿಕದಲ್ಲಿ ಕಂತಿನ ಮೇಲೆ ತೆಗೆದುಕೊಂಡ ಫೋನುಗಳಲ್ಲಿ ಹೆಚ್ಚು. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಇಂಗ್ಲಿಷ್ ಮಾತಾಡುವ ಹಲವು ದ್ವೀಪಗಳಲ್ಲಿ 4ಜಿ ಸೇವೆ ಓಡುವುದು 700, 1900 ಮೆಗಾಹರ್ಟ್ಸ್‌ನಂಥ ಅಮೆರಿಕದ ತರಂಗಾಂತರಗಳಲ್ಲಿ. ಭಾರತದ ಮಾರುಕಟ್ಟೆಗೆಂದೇ ಮಾಡಿದ ಅಗ್ಗದ ಫೋನುಗಳಲ್ಲಿ ಇವು ಇರದೇ ಇರಬಹುದು. ಹಾಗಾದಾಗ ಪರದೆಯಲ್ಲಿ ಕಡ್ಡಿಗಳು ತುಂಬಿದ್ದರೂ ಇಂಟರ್ನೆಟ್ ತೆವಳುತ್ತದೆ. ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಯಾವ ಬ್ಯಾಂಡ್‌ಗಳನ್ನು, ಅಂದರೆ ತರಂಗಾಂತರದ ಪಟ್ಟಿಗಳನ್ನು, ಹಿಡಿಯುತ್ತದೆ ಎಂಬ ಪಟ್ಟಿ ಇರುತ್ತದೆ. 2, 4, 12, 17 ಎಂಬ ಸಂಖ್ಯೆಗಳು ಅದರಲ್ಲಿವೆಯೇ ಎಂದು ನೋಡಿ.

ಚಾರ್ಜರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 100ರಿಂದ 240 ವೋಲ್ಟ್ ಎಂದು ಅದರ ಮೇಲೆ ಬರೆದಿರುತ್ತದೆ, ಎಲ್ಲ ಕಡೆ ನಡೆಯುತ್ತದೆ. ತೂತುಗಳು ಮಾತ್ರ ಬೇರೆ: ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲಿ ಅಮೆರಿಕದ ಚಪ್ಪಟೆ ಪಿನ್ನು, ಸೇಂಟ್ ಲೂಸಿಯಾ, ಗ್ರೆನಡಾಗಳಲ್ಲಿ ಬ್ರಿಟನ್ನಿನ ಮೂರು ಚೌಕ ಪಿನ್ನು.

ಒಟಿಪಿಗೆ ದಾರಿ ಮಾಡಿಕೊಳ್ಳಿ

ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಕಾರ್ಡು ನಡೆಯುವುದಿಲ್ಲ. ಎರಡು ಸಿಮ್‌ನ ಫೋನಿನಲ್ಲಿ ಊರಿನ ಸಿಮ್ ಒಂದರಲ್ಲಿರಲಿ. ಹೊರಡುವ ಮುನ್ನ ಅದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್‌ನ ಡೇಟಾ ರೋಮಿಂಗ್ ಬಂದ್ ಮಾಡಿ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಪ್ಯಾಕ್ ಇಲ್ಲದೆ ಕರೆ ಎತ್ತಿದರೆ ಉಂಟು. ಬಾರ್ಬಡೋಸ್‌ಗಿಂತ ನಾವು ಒಂಬತ್ತೂವರೆ ಗಂಟೆ ಮುಂದಿದ್ದೇವೆ. ಬೆಂಗಳೂರಿನ ಬೆಳಿಗ್ಗೆ ಹತ್ತಕ್ಕೆ ಸಾಲ ಬೇಕೇ ಎಂದು ವಿಚಾರಿಸುವ ಪುಣ್ಯಾತ್ಮರ ಕರೆ ಅಲ್ಲಿ ರಾತ್ರಿ ಹನ್ನೆರಡೂವರೆಗೆ ಬರುತ್ತದೆ. ನಿದ್ದೆಗಣ್ಣಿನಲ್ಲಿ ಎತ್ತಿದರೆ, ಅವರಿಗೆ ಬೈಯುವುದಕ್ಕೂ ನೀವೇ ದುಡ್ಡು ತೆರಬೇಕು.

ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಅಳವಡಿಸುವ ಸಿಮ್) ಹಿಡಿಯುವ ಫೋನಿದ್ದರೆ ಹಲವು ದ್ವೀಪಗಳಿಗೆ ಒಂದೇ ಪ್ಯಾಕ್ ಸಿಗುತ್ತದೆ. ಇಲ್ಲೂ ಕೈಯಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿ ನೋಡಿಯೇ ಕೊಳ್ಳಿ. ಇವುಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ, ಸ್ಥಳೀಯ ನಂಬರ್ ಕೊಡುವುದಿಲ್ಲ. ವಿದೇಶಿ ಸಿಮ್ ಮಾರಲು ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲದ ಎರಡು ಜನಪ್ರಿಯ ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. ಆದ್ದರಿಂದ ಗೆಳೆಯರು ಹೇಳಿದ ಆ್ಯಪ್ ಇಲ್ಲಿ ಸಿಗದಿದ್ದರೆ ನಿಮ್ಮ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಪರವಾನಗಿ ಇರುವವರಿಂದ ಕೊಂಡು, ಮನೆಯ ವೈಫೈನಲ್ಲೇ ಅಳವಡಿಸಿಕೊಂಡು ಹೊರಡಿ.

ವೈಫೈ ಇರುವಾಗಲೇ ಪ್ರತಿ ದ್ವೀಪದ ನಕ್ಷೆಯನ್ನು ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಬಂಧುಬಳಗದ ಗುಂಪಿನ ಶುಭೋದಯ ಸಂದೇಶಗಳನ್ನು ರೋಮಿಂಗ್ ದರದಲ್ಲಿ ಇಳಿಸಿಕೊಳ್ಳುವಷ್ಟು ಭಕ್ತಿ ಯಾರಿಗೂ ಬೇಡ.

ಅಲ್ಲಿ ಸಿಮ್ ಕೊಳ್ಳುವಾಗ

ವಾರಕ್ಕಿಂತ ಹೆಚ್ಚು ಒಂದೇ ದ್ವೀಪದಲ್ಲಿ ಇರುವವರಿಗೆ ನನ್ನ ಮತ ಸ್ಥಳೀಯ ಸಿಮ್‌ಗೇ. ಮಣಿಪಾಲ್ ಸಮೂಹದ ನಂಟಿರುವ ಆಂಟಿಗುವಾದ ವೈದ್ಯಕೀಯ ಕಾಲೇಜಿಗೋ ಗ್ರೆನಡಾದ ಸೇಂಟ್ ಜಾರ್ಜ್ಸ್‌ಗೋ ಓದಲು ಹೋಗುವ ಮಕ್ಕಳಿಗಂತೂ ಬೇರೆ ದಾರಿಯೇ ಇಲ್ಲ. ಇಂಗ್ಲಿಷ್ ದ್ವೀಪಗಳಲ್ಲಿ ಬಹುತೇಕ ಕಡೆ ಇರುವ ಕಂಪನಿಗಳು ಡಿಜಿಸೆಲ್ ಮತ್ತು ಫ್ಲೋ, ಟ್ರಿನಿಡಾಡ್‌ನಲ್ಲಿ ಡಿಜಿಸೆಲ್ ಮತ್ತು ಬಿಮೊಬೈಲ್, ಬಹಾಮಾಸ್‌ನಲ್ಲಿ ಬಿಟಿಸಿ ಮತ್ತು ಅಲೈವ್, ಡೊಮಿನಿಕನ್ ಗಣರಾಜ್ಯದಲ್ಲಿ ಕ್ಲಾರೊ ಮತ್ತು ಆಲ್ಟಿಸ್. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಅಂಗಡಿಯವರು ‘ಇಪ್ಪತ್ತು ಡಾಲರ್’ ಎಂದಾಗ ಪರ್ಸಿಗೆ ಕೈ ಹಾಕುವ ಮೊದಲು ಯಾವ ಡಾಲರ್ ಎಂದು ಕೇಳಿ. ಆಂಟಿಗುವಾ, ಸೇಂಟ್ ಲೂಸಿಯಾ, ಗ್ರೆನಡಾಗಳಲ್ಲಿ ನಡೆಯುವುದು ಪೂರ್ವ ಕೆರಿಬಿಯನ್ ಡಾಲರ್. ಅಮೆರಿಕದ ಒಂದು ಡಾಲರ್‌ಗೆ ಅಂಥವು 2.70. ಬಾರ್ಬಡೋಸ್‌ನ ಡಾಲರ್ ಆದರೆ ಎರಡು. ಅಮೆರಿಕದ ನೋಟನ್ನೂ ಅಲ್ಲಿ ಸಲೀಸಾಗಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಕೇಳದಿದ್ದರೆ ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಕೊಟ್ಟು ಬರುವುದು ಸುಲಭ.

ಎರಡನೆಯ ಪ್ರಶ್ನೆ: ಈ ಪ್ಲಾನ್ ಪಕ್ಕದ ದ್ವೀಪದಲ್ಲಿ ನಡೆಯುತ್ತದೆಯೇ? ಬಾರ್ಬಡೋಸ್‌ನಲ್ಲೂ ಸೇಂಟ್ ಲೂಸಿಯಾದಲ್ಲೂ ಅದೇ ಕಂಪನಿಯ ಅದೇ ಕೆಂಪು ಫಲಕ ಕಂಡರೂ ಲೆಕ್ಕ ಬೇರೆ ಬೇರೆ. ಅಲ್ಲಿಯ ಸಿಮ್ ಇಲ್ಲಿ ರೋಮಿಂಗ್. ಸಿಮ್ ಹಾಕಿದ ಮೇಲೆ ವೈಫೈ ಆಫ್ ಮಾಡಿ, ಒಂದು ಪುಟ ತೆರೆದು, ಒಂದು ಕರೆ ಮಾಡಿ ನೋಡಿಯೇ ಅಂಗಡಿಯಿಂದ ಹೊರಡಿ. ಹೊಸ ನಂಬರ್‌ಗೆ ಬದಲಾಯಿಸಲೇ ಎಂದು ವಾಟ್ಸ್‌ಆ್ಯಪ್ ಕೇಳಿದರೆ ಬೇಡ ಎನ್ನಿ, ಹಳೆಯ ನಂಬರ್‌ನಲ್ಲೇ ಅದು ಓಡುತ್ತದೆ. ಅಲ್ಲಿನ ಟ್ಯಾಕ್ಸಿಯವರು, ಗೆಸ್ಟ್ ಹೌಸ್‌ನವರು, ದೋಣಿಯವರು ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ವ್ಯವಹರಿಸುತ್ತಾರೆ.

ಜ್ವಾಲಾಮುಖಿಯಿಂದ ಎದ್ದ ಡೊಮಿನಿಕಾ, ಸೇಂಟ್ ವಿನ್ಸೆಂಟ್‌ನಂಥ ದ್ವೀಪಗಳಲ್ಲಿ ನಮ್ಮ ಶಿರಾಡಿ ಘಾಟಿಯ ಹಾಗೆ ಒಂದು ತಿರುವಿನಲ್ಲಿ ಸಿಗ್ನಲ್, ಮುಂದಿನ ತಿರುವಿನಲ್ಲಿ ಶೂನ್ಯ. ಚಾರಣ ಹೊರಡುವ ಮುನ್ನ ಹಿಂತಿರುಗುವ ಹೊತ್ತನ್ನು ತಂಗಿರುವ ಮನೆಯವರಿಗೆ ಬಾಯಲ್ಲೇ ಹೇಳಿಹೋಗಿ.

ಟವರ್ ನೀವೇ ಆರಿಸಿ

ಮೊದಲಿಗೆ ಹೇಳಿದ ಸೇಂಟ್ ಜಾನ್‌ನ ಕಾಟಕ್ಕೆ ಮದ್ದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ನೆಟ್‌ವರ್ಕ್ ಅನ್ನು ತಾನಾಗಿ ಆರಿಸುವ ಆಯ್ಕೆಯನ್ನು ಬಂದ್ ಮಾಡಿ. ನಿಮಿಷದೊಳಗೆ ಸುತ್ತಲಿನ ಕಂಪನಿಗಳ ಹೆಸರು ಮೂಡುತ್ತವೆ. ನಿಮಗೆ ಬೇಕಾದದ್ದನ್ನು ಒತ್ತಿ. ದ್ವೀಪ ಬಿಡುವಾಗ ಮತ್ತೆ ಚಾಲೂ ಮಾಡಿ, ಇಲ್ಲದಿದ್ದರೆ ಮುಂದಿನ ಊರಿನಲ್ಲಿ ಫೋನು ಮೂಕ.

ಹಡಗು ಹತ್ತಿದೊಡನೆ ಏರೋಪ್ಲೇನ್ ಮೋಡ್. ನಡುಗಡಲಿನಲ್ಲಿ ಕಾಣುವ ಸಿಗ್ನಲ್ ಹಡಗಿನದೇ ಟವರ್‌ನದು, ಉಪಗ್ರಹದ ಮೂಲಕ ಬರುವಂಥದ್ದು. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಹೆಚ್ಚಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಬೇಕೇ ಬೇಕೆಂದರೆ ಹಡಗಿನ ವೈಫೈ ಕೊಳ್ಳಿ.

ಕ್ಯೂಬಾದ ದಾರಿ ಬೇರೆ

ಇಲ್ಲಿ ಇರುವುದು ಸರ್ಕಾರಿ ಸ್ವಾಮ್ಯದ ಎಟೆಕ್ಸಾ ಒಂದೇ. ಫೋನಿನಲ್ಲಿ ಇಂಟರ್ನೆಟ್ ಎಲ್ಲರಿಗೂ ಸಿಕ್ಕಿದ್ದೇ 2018ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಜನ ನೌಟಾ ಎಂಬ ಕಾರ್ಡು ಕೊಂಡು, ಕೆರೆದು ಸಂಖ್ಯೆ ನೋಡಿ, ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು ವೈಫೈ ಬಳಸುತ್ತಿದ್ದರು. ಪ್ರವಾಸಿಗರಿಗೆಂದೇ ಒಂದು ಸಿಮ್ ಇದೆ, ಮೊದಲೇ ಕಾದಿರಿಸಿ ಹವಾನಾ ವಿಮಾನ ನಿಲ್ದಾಣದಲ್ಲಿ ಪಡೆಯಬಹುದು. ಅಮೆರಿಕದ ನಿರ್ಬಂಧಗಳಿಂದಾಗಿ ಕೆಲವು ಆ್ಯಪ್‌ಗಳೂ ಪಾವತಿ ಸೇವೆಗಳೂ ಅಲ್ಲಿ ತೆರೆಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಹೋಗಿತ್ತು. ಅಲ್ಲಿ ಫೋನನ್ನು ನಂಬಿ ನಗದು ಬಿಟ್ಟು ಹೋಗಬೇಡಿ.

+1 ನೋಡಿ ಮೋಸ ಹೋಗಬೇಡಿ

ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಸೇರಿ ಬಹುಪಾಲು ದ್ವೀಪಗಳ ಸಂಕೇತ ಅಮೆರಿಕ, ಕೆನಡಾಗಳದ್ದೇ ಆದ +1. ಮುಂದಿನ ಮೂರು ಅಂಕಿಗಳೇ ದೇಶ: 876 ಜಮೈಕಾ, 246 ಬಾರ್ಬಡೋಸ್, 868 ಟ್ರಿನಿಡಾಡ್, 473 ಗ್ರೆನಡಾ. ಅಮೆರಿಕದಲ್ಲಿರುವವರು ಇವನ್ನು ಪಕ್ಕದ ರಾಜ್ಯದ ನಂಬರ್ ಎಂದು ಭಾವಿಸಿ ಒತ್ತಿದರೆ ಅಂತಾರಾಷ್ಟ್ರೀಯ ದರ ಬೀಳುತ್ತದೆ. ಒಮ್ಮೆ ರಿಂಗಾಗಿ ನಿಲ್ಲುವ ಅಪರಿಚಿತ ಕರೆಗೆ ಮರಳಿ ಕರೆ ಮಾಡಿಸಿ ದುಡ್ಡು ಕೀಳುವ ದಂಧೆ ಇದೇ ಗೊಂದಲದ ಮೇಲೆ ನಿಂತಿದೆ. ಕ್ಯೂಬಾ +53, ಹೈಟಿ +509, ಮಾರ್ಟಿನಿಕ್ +596, ಕ್ಯೂರಸಾವ್ +599. ಊರಿನ ನಂಬರ್‌ಗಳನ್ನೆಲ್ಲ +91 ಸೇರಿಸಿಯೇ ಉಳಿಸಿಕೊಂಡಿರಿ.

ಚಂಡಮಾರುತದ ತಿಂಗಳುಗಳಲ್ಲಿ

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2024ರ ಜೂನ್ 29ರಂದು ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ ಬೆರಿಲ್ ಚಂಡಮಾರುತದಿಂದಾಗಿ ಬಾರ್ಬಡೋಸ್‌ನಲ್ಲೇ ಸಿಕ್ಕಿಕೊಂಡು, ದೆಹಲಿ ತಲುಪಿದ್ದು ಜುಲೈ 4ಕ್ಕೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಬಡಿದಾಗ ಪೋರ್ಟೊ ರಿಕೊದ ಶೇ 95ರಷ್ಟು ಮೊಬೈಲ್ ಟವರ್‌ಗಳು ಸತ್ತಿದ್ದವು. ಎಚ್ಚರಿಕೆ ಬಂದ ಕೂಡಲೇ ಫೋನು, ಪವರ್ ಬ್ಯಾಂಕ್ ಎರಡನ್ನೂ ತುಂಬಿಸಿ. ಮನೆಗೆ ಮುಂಚೆಯೇ ಸುದ್ದಿ ಮುಟ್ಟಿಸಿ. ಬಿರುಗಾಳಿಯ ನಂತರ ಕರೆಗಿಂತ ಎಸ್ಸೆಮ್ಮೆಸ್ ಬೇಗ ದಾಟುತ್ತದೆ.

ತುರ್ತು ಸಂಖ್ಯೆಗಳೂ ದ್ವೀಪಕ್ಕೊಂದು. ಬಾರ್ಬಡೋಸ್‌ನಲ್ಲಿ ಪೊಲೀಸ್ 211, ಆಂಬುಲೆನ್ಸ್ 511; ಜಮೈಕಾದಲ್ಲಿ 119 ಮತ್ತು 110; ಟ್ರಿನಿಡಾಡ್‌ನಲ್ಲಿ 999 ಮತ್ತು 811; ಗ್ರೆನಡಾದಲ್ಲಿ ಪೊಲೀಸ್ 911; ಡೊಮಿನಿಕನ್ ಗಣರಾಜ್ಯದಲ್ಲಿ 911; ಫ್ರೆಂಚ್ ದ್ವೀಪಗಳಲ್ಲಿ 112. ಇವನ್ನು ಕಾಗದದಲ್ಲಿ ಬರೆದು, ತಂಗುವ ಮನೆಯ ವಿಳಾಸ ಮತ್ತು ಭಾರತೀಯ ರಾಯಭಾರ ಕಚೇರಿಯ ನಂಬರ್ ಜೊತೆ ಪಾಸ್‌ಪೋರ್ಟಿನೊಳಗೆ ಇಡಿ. ಹಲವು ಪುಟ್ಟ ದ್ವೀಪಗಳಲ್ಲಿ ನಮ್ಮ ಕಚೇರಿ ಇಲ್ಲ, ಬೇರೆ ದ್ವೀಪದ್ದೋ ದೇಶದ್ದೋ ನೋಡಿಕೊಳ್ಳುತ್ತದೆ; ನೀವು ಹೋಗುವ ದ್ವೀಪ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆಂದು ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ನೋಡಿಕೊಂಡೇ ಆ ನಂಬರ್ ಬರೆಯಿರಿ.