ತಡೆಗೋಡೆಯ ಅರ್ಜಿ: ಸದನ ಸಮಿತಿಯ ಮುಂದೆ ಸಾಕ್ಷ್ಯ ಹೇಳುವ ಮುನ್ನ

ಕಡಲ ಕೊರೆತ ತಡೆಯಲು ಕಟ್ಟಿದ ಕಲ್ಲಿನ ಗೋಡೆ ಕುಸಿದಿದೆ ಎಂಬ ಅರ್ಜಿಯನ್ನು ಶಾಸಕರು ಸದನದಲ್ಲಿ ಒಪ್ಪಿಸಿ, ಅದು ಅರ್ಜಿಗಳ ಸಮಿತಿಗೆ ಹೋದರೆ ಗೆದ್ದಂತೆಯೇ ಎಂದು ಕಾರವಾರದಿಂದ ಭಟ್ಕಳದವರೆಗೆ ಹಲವರು ತಿಳಿದಿದ್ದಾರೆ. ಇಂಥ ಕಡತ ಕಟ್ಟುವ ನನಗೆ ನಿಜವಾದ ಕೆಲಸ ಶುರುವಾಗುವುದೇ ಆಗ. ಅಧಿಕಾರಿಯನ್ನು ಕರೆಸುವ, ಕಾಗದ ತರಿಸುವ ಅಧಿಕಾರ ಸಮಿತಿಗಿದೆ. ಯಾವ ಕಾಗದ ಎಂದು ತೋರಿಸಬೇಕಾದವರು ನಾವು.

ಮೊದಲು ವ್ಯಾಪ್ತಿ ನೋಡುತ್ತೇನೆ. ಸದನದ ವಿಶೇಷಾಧಿಕಾರಕ್ಕೆ ಆಧಾರ ಸಂವಿಧಾನದ 194ನೇ ವಿಧಿ. ಸದಸ್ಯರಲ್ಲದವರನ್ನೂ ಕರೆಸಬಹುದು ಎಂದು 2021ರ ಅಜಿತ್ ಮೋಹನ್ ಪ್ರಕರಣದಲ್ಲಿ (ಆಗಿನ ಫೇಸ್‌ಬುಕ್ ಇಂಡಿಯಾ ಮುಖ್ಯಸ್ಥರನ್ನು ದೆಹಲಿ ವಿಧಾನಸಭೆಯ ಸಮಿತಿ ಕರೆಸಿದ ಪ್ರಕರಣ) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ದೆಹಲಿ ವಿಧಾನಸಭೆಯ ವ್ಯಾಪ್ತಿ ಮೀರಿದ ಪ್ರಶ್ನೆಗೆ ಸಾಕ್ಷಿ ಉತ್ತರಿಸಬೇಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಹಾಗಾಗಿ ನೌಕಾನೆಲೆ, ಕೈಗಾ ಎಂದು ಪುಟ ತುಂಬಿಸಬೇಡಿ. ರಕ್ಷಣೆ, ಅಣುಶಕ್ತಿ ಎರಡೂ ಕೇಂದ್ರದ ಪಟ್ಟಿಯವು. ತಡೆಗೋಡೆಯ ಕೆಲಸ ನೋಡುವ ಬಂದರು ಇಲಾಖೆ ರಾಜ್ಯದ್ದು, ಅದರ ನಿರ್ದೇಶಕರ ಕಚೇರಿ ಇಲ್ಲೇ ಕಾರವಾರದ ಬೈತಖೋಲದಲ್ಲಿದೆ. ವಿಷಯ ಕೋರ್ಟಿನಲ್ಲಿದ್ದರೆ ಅರ್ಜಿ ಹೊಸ್ತಿಲಲ್ಲೇ ನಿಲ್ಲುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ.

ಇನ್ನು ಪ್ರಶ್ನೆ. "ಗೋಡೆ ಯಾಕೆ ಕುಸಿಯಿತು?" ಎಂದು ಸಮಿತಿಯಿಂದ ಕೇಳಿಸಿದರೆ ಅಧಿಕಾರಿಗಳು "ಈ ಸಲ ಕಡಲಿನ ಅಬ್ಬರ ಜಾಸ್ತಿ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮೂರು ಕಾಗದ ಕೇಳಿಸುತ್ತೇನೆ: ಮಂಜೂರಾದ ಅಂದಾಜು ಪಟ್ಟಿ, ಅಳತೆ ಪುಸ್ತಕ, ಕಲ್ಲು ತೂಗಿದ ಚೀಟಿಗಳು. ಹೊರಮೈಗೆ ಎಷ್ಟು ತೂಕದ ಕಲ್ಲು ಎಂಬುದು ಅಂದಾಜಿನಲ್ಲಿರುತ್ತದೆ, ಹಾಕಿದ್ದೆಷ್ಟು ಎಂಬುದು ಅಳತೆ ಪುಸ್ತಕದಲ್ಲಿ. ಹೊರಗಿನ ಕಲ್ಲು ಹಗುರವಾದರೆ ಅಲೆ ಅದನ್ನು ಕಿತ್ತು ಉರುಳಿಸುತ್ತದೆ. ಅಡಿಯಲ್ಲಿ ಸೋಸುಬಟ್ಟೆ ಹಾಸದಿದ್ದರೆ ಸಂದಿಯಿಂದ ಮರಳು ಸೋರಿ ಗೋಡೆ ಕೂರುತ್ತದೆ. ಬುಡ ಕೊರೆದರೆ ಇಡೀ ಇಳಿಜಾರೇ ಜಾರುತ್ತದೆ. ಇವುಗಳಲ್ಲಿ ಯಾವುದಾಯಿತು ಎಂಬ ಸುಳಿವು ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗ ಸಿಗುತ್ತದೆ.

ಸಾಕ್ಷಿ ಹೇಳುವವರ ಹೇಳಿಕೆ ಒಂದೇ ಪುಟವಿರಲಿ, ಮೂರು ಭಾಗದಲ್ಲಿ: ತಾನೇ ಕಂಡದ್ದು, ಬೇರೆಯವರಿಂದ ಕೇಳಿದ್ದು, ಕಾಗದದಲ್ಲಿರುವುದು. ಇವನ್ನು ಬೆರೆಸಿದರೆ ಮೊದಲ ಮರುಪ್ರಶ್ನೆಗೇ ಮಾತು ಸಡಿಲವಾಗುತ್ತದೆ. "ತುಂಬಾ ಜಾಗ ಹೋಯ್ತು" ಎನ್ನುವ ಬದಲು ಸರ್ವೆ ಕಲ್ಲಿನಿಂದ ಅಲೆ ಕಡಿದ ಅಂಚಿಗೆ ಟೇಪು ಹಿಡಿದು ಮೀಟರಿನಲ್ಲಿ ಹೇಳಿ, ಅಳೆದ ದಿನಾಂಕದ ಜೊತೆಗೆ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆದಿದ್ದರೆ ಅದರಷ್ಟು ಗಟ್ಟಿ ಸಾಕ್ಷ್ಯ ಬೇರೊಂದಿಲ್ಲ.

ಪ್ರಮಾಣ ಮಾಡಿಸಬಹುದು, ಆಡಿದ್ದೆಲ್ಲ ದಾಖಲಾಗುತ್ತದೆ. ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷಾಧಿಕಾರದ ಉಲ್ಲಂಘನೆ. ಗೊತ್ತಿಲ್ಲದ್ದಕ್ಕೆ "ದಾಖಲೆ ನೋಡಿ ಲಿಖಿತವಾಗಿ ಕೊಡುತ್ತೇನೆ" ಎಂದರೆ ಸಾಕು. ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಒಳಗಿನ ಮಾತನ್ನು ವಾಟ್ಸಾಪಿಗೆ ಹಾಕಬೇಡಿ.

ಸಮಿತಿ ಸ್ಥಳ ನೋಡಲು ಬರುವುದಾದರೆ ಇಳಿತದ ಹೊತ್ತನ್ನು ಮೊದಲೇ ಸದನದ ಸಚಿವಾಲಯಕ್ಕೆ ಬರೆದು ತಿಳಿಸಿ. ಉಬ್ಬರದಲ್ಲಿ ಬಂದರೆ ಬುಡದ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ.